ಫೋಟೋದ ಇನ್ನೊಂದು ಅರ್ಧ

"ಅಯ್ಯೋ, ಅದನ್ನ ಹಂಗಾ ಕುಯ್ಯೋದು!"

ದಲೀಲಾ ತಿರುಗಿ ನೋಡುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಮೇಜಿನ ಮೇಲಿದ್ದ ದುಂಡನೆಯ ಚೀಸಿಗೆ ಅವಳು ಕೇಕಿಗೆ ಇಡುವ ಹಾಗೆ ನಟ್ಟನಡುವೆ ಚಾಕು ಇಟ್ಟಿದ್ದಳು. ಸಿಪ್ಪೆ ಬಿರಿದದ್ದೇ ತಡ, ಒಳಗಿನ ಹಳದಿ ತಿರುಳು ಯಾವ ಅವಸರವೂ ಇಲ್ಲದೆ ಹರಿದು ಬಂತು. ಮೊದಲು ಗ್ರೀಸ್ ದೇಶದ ಕಾಗದದ ಬಾವುಟ ತೊಯ್ದಿತು, ಆಮೇಲೆ ಅರ್ಜಿ ನಮೂನೆಗಳ ಕಟ್ಟು. ಕೊನೆಗೆ ಮೇಜಿನಂಚಿನಿಂದ ಇಳಿದು ಅವಳ ಕರಿಯ ಹೊದಿಕೆಯ ಮೇಲೆ ಒಂದು ಉದ್ದನೆಯ ಗೆರೆ ಎಳೆಯಿತು.

ಎದುರಿಗೆ ನಿಂತವನು ಟೋಪಿಯನ್ನು ಕೈಯಲ್ಲಿ ಹಿಡಿದು, ಬಾವಿಗೆ ಬಿದ್ದ ಕೊಡವನ್ನು ನೋಡುವವನ ಹಾಗೆ ನೋಡುತ್ತಿದ್ದ.

"ಇದು ಫ್ರಾನ್ಸಿನ ಮೇಜಿಗೆ ಅಂತ ಬಂದಿದ್ದಲ್ವಾ?"

"ಫ್ರಾನ್ಸಾ? ನಮ್ಮಮ್ಮ ಮಾಡಿದ್ದು ರೀ. ನಮ್ಮ ಮೇಷ್ಟ್ರಿಗೆ ಅಂತ ತಂದಿದ್ದೆ. ಬೂಟಿನ ದಾರ ಬಿಚ್ಚಿತ್ತು, ಒಂದು ನಿಮಿಷ ಇಲ್ಲಿಟ್ಟೆ."

"ಒಂದು ನಿಮಿಷಕ್ಕೆ ಯಾರಾದ್ರೂ ಚೀಸನ್ನ ಬಾವುಟದ ಕೆಳಗೆ ಇಡ್ತಾರಾ?"

"ಒಂದು ನಿಮಿಷದಲ್ಲಿ ಯಾರಾದ್ರೂ ಕಂಡೋರ ಚೀಸಿಗೆ ಚಾಕು ಹಾಕ್ತಾರಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನ ಹುಬ್ಬು ಗಂಟಿಕ್ಕಿತ್ತು, ತುಟಿಯ ಒಂದು ತುದಿ ಮಾತ್ರ ಆ ಗಂಟಿಗೆ ಒಪ್ಪದೆ ಮೇಲಕ್ಕೇರುತ್ತಿತ್ತು. ಅವನು ಅವಳ ಕೈಯಿಂದ ಚಾಕು ತೆಗೆದುಕೊಂಡು, ಉಳಿದಿದ್ದ ಚೀಸಿನ ನೆತ್ತಿಯನ್ನು ಮುಚ್ಚಳದ ಹಾಗೆ ಸುತ್ತಲೂ ಕೊಯ್ದು ಎತ್ತಿ, ಒಂದು ಚಮಚ ಕೇಳಿ ಪಡೆದು, ತಿರುಳನ್ನು ತೋಡಿ ರೊಟ್ಟಿಯ ಚೂರಿನ ಮೇಲಿಟ್ಟು ಅವಳಿಗೆ ಕೊಟ್ಟ. "ತಿನ್ನಿ. ಕೊಂದ ಮೇಲೆ ತಿನ್ನಲೂಬೇಕು."

ಆ ಕ್ಷಣದಲ್ಲೇ ಪಕ್ಕದ ಮೇಜಿನ ಜರ್ಮನ್ ಹುಡುಗಿ ಕ್ಯಾಮೆರಾ ಒತ್ತಿದಳು. ಫೋಟೋದಲ್ಲಿ ದಲೀಲಾಳ ಬಾಯಿ ತುಂಬಿದೆ, ಹೊದಿಕೆ ಹಾಳಾಗಿದೆ. ಅವನು ಚಮಚ ಹಿಡಿದು ಗೆದ್ದವನ ಹಾಗೆ ನಿಂತಿದ್ದಾನೆ. ಇಬ್ಬರ ನಡುವೆ ಮುರಿದ ಚೀಸು.

ಅದು ತೊಂಬತ್ನಾಲ್ಕರ ಫೆಬ್ರವರಿ. ಕೊಯಿಂಬ್ರಾದ ಗುಡ್ಡದ ಮೇಲಿನ ವಿಶ್ವವಿದ್ಯಾಲಯದ ಅಂಗಳದಲ್ಲಿ ವಿನಿಮಯ ವಿದ್ಯಾರ್ಥಿಗಳ ವಾರ ನಡೆದಿತ್ತು. ಬೇರೆ ದೇಶಕ್ಕೆ ಹೋಗಿ ಒಂದು ವರ್ಷ ಓದಿ ಬನ್ನಿ ಎಂದು ಹುಡುಗರನ್ನು ಹುರಿದುಂಬಿಸುವ ಕೆಲಸ. ಬಾವುಟಗಳು, ಭೂಪಟಗಳು, ಹೋಗಿಬಂದವರ ಅಡುಗೆಗಳು. ಅದರ ಹಿಂದಿನ ಓಡಾಟವೆಲ್ಲ ದಲೀಲಾಳದು. ಪೋರ್ತು ಪಟ್ಟಣದ ಹುಡುಗಿ. ಹಿಂದಿನ ವರ್ಷ ಗ್ರೀಸಿನ ಥೆಸಲೊನೀಕಿಯಲ್ಲಿ ಓದಿ ಬಂದವಳು, ಬಂದಾಗಿನಿಂದ ಕಂಡಕಂಡವರಿಗೆಲ್ಲ "ಹೋಗು, ಹೋಗಿ ಬಾ" ಎನ್ನುವುದೇ ಅವಳ ಮಂತ್ರವಾಗಿತ್ತು. ಹೋಗುವವರ ಸುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಉಳಿಯುವವರದ್ದು ಗೊತ್ತಿರಲಿಲ್ಲ.

ಚೀಸಿನವನ ಹೆಸರು ಅಲ್ಬಾನು. ಮೇಲಿನ ಬೆಟ್ಟಸೀಮೆಯ ಕಾಸಲ್ ದು ಕಾರ್ದು ಎಂಬ ಹಳ್ಳಿಯವನು, ಕೃಷಿ ಓದುತ್ತಿದ್ದ. ಮೂರು ದಿನದಿಂದ ಅವಳ ಮೇಜಿಗೆ ಬಂದಿದ್ದಕ್ಕಿಂತ ಹೆಚ್ಚು ಜನ ಆ ಅರ್ಧ ಗಂಟೆಯಲ್ಲಿ ಅವನ ಚಮಚಕ್ಕೆ ಮುತ್ತಿದರು.

"ನಾಳೇನೂ ಬರ್ತೀರಾ?" ಎಂದಳು ದಲೀಲಾ.

"ಚೀಸನ್ನಾ, ನನ್ನನ್ನಾ ಕರೀತಿರೋದು?"

"ಚಮಚವನ್ನ."

ಆ ಕರಿಯ ಹೊದಿಕೆಯನ್ನು ಓದು ಮುಗಿಯುವವರೆಗೆ ಒಗೆಯಬಾರದೆಂಬುದು ಅಲ್ಲಿನ ವಿದ್ಯಾರ್ಥಿಗಳ ಕಟ್ಟುಪಾಡು. ಒಗೆದರೆ ಕಳೆದ ದಿನಗಳೆಲ್ಲ ತೊಳೆದುಹೋಗುತ್ತವಂತೆ. ಹಾಗಾಗಿ ಆ ಗೆರೆ ಉಳಿಯಿತು, ಅದರ ಜೊತೆಗೆ ಕುರಿಹಾಲಿನ ವಾಸನೆಯೂ. ಗ್ರಂಥಾಲಯದಲ್ಲಿ ಅವಳ ಪಕ್ಕದ ಎರಡು ಕುರ್ಚಿ ಆ ವರ್ಷವೆಲ್ಲ ಖಾಲಿ ಇರುತ್ತಿದ್ದವು. ಅಲ್ಬಾನು ಮಾತ್ರ ಬಂದು ಸರಿಯಾಗಿ ಆ ಕಡೆಗೇ ಕೂರುತ್ತಿದ್ದ. "ಮನೇಲಿ ಇದ್ದಂಗೆ ಅನ್ಸುತ್ತೆ" ಎನ್ನುತ್ತಿದ್ದ.

ವಾರ ಮುಗಿದ ಮೇಲೆ ಬಂದ ಅರ್ಜಿಗಳನ್ನು ಹರಡಿಕೊಂಡು ಕೂತಾಗ ದಲೀಲಾಳ ಮುಖ ಸಪ್ಪಗಾಯಿತು. ಎಲ್ಲ ವಕೀಲರ ಮಕ್ಕಳು, ಡಾಕ್ಟರ ಮಕ್ಕಳು, ಕಡಲ ಕಡೆಯ ಊರುಗಳವರು. ಬೆಟ್ಟದ ಮಕ್ಕಳದು ಒಂದೂ ಇಲ್ಲ.

"ಅವ್ರಿಗೆ ಆಸೆ ಇಲ್ವಾ?"

"ಆಸೆ ಇದೆ ಕಣ್ರೀ. ಅಮ್ಮಂದಿರಿದ್ದಾರಲ್ಲ. ನಮ್ಮ ಕಡೆ ಹೊರದೇಶಕ್ಕೆ ಹೋದ ಅಂದ್ರೆ, ಹೋದ ಅಂತಲೇ."

"ಹಾಗಾದ್ರೆ ಅಮ್ಮಂದಿರ ಹತ್ರಾನೇ ಹೋಗೋಣ."

ಅಲ್ಬಾನು ನಕ್ಕ. ಆಮೇಲೆ ನೋಡಿದ, ಅವಳು ನಗುತ್ತಿರಲಿಲ್ಲ.

ಮಾರ್ಚ್ ತಿಂಗಳ ಭಾನುವಾರಗಳಲ್ಲಿ, ಅವಳ ಸೋದರಮಾವನ ಹಳೆಯ ರೆನೋ ಕಾರಿನಲ್ಲಿ ಇಬ್ಬರೂ ಬೆಟ್ಟ ಹತ್ತಿದರು. ಪೂಜೆ ಮುಗಿಸಿ ಜನ ಚರ್ಚಿನ ಬಾಗಿಲಿಗೆ ಬರುವ ಹೊತ್ತಿಗೆ ಮೆಟ್ಟಿಲ ಬಳಿ ನಿಂತು, ಭೂಪಟ ಬಿಡಿಸಿ ಮಾತು ಶುರು ಮಾಡುವುದು ಅವಳ ಲೆಕ್ಕಾಚಾರವಾಗಿತ್ತು. ಮೊದಲ ಊರಿನಲ್ಲಿ ಒಬ್ಬ ಮುದುಕ ಭೂಪಟವನ್ನು ಬಹಳ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿದ: "ಎಷ್ಟು ಜನ ಬೇಕು ನಿಮಗೆ? ಗಾರೆ ಕೆಲಸಕ್ಕೋ, ದ್ರಾಕ್ಷಿ ಕೀಳೋಕೋ?"

"ಇಲ್ಲ ತಾತ, ಓದೋಕೆ."

"ಹ್ಞೂಂ, ಹ್ಞೂಂ. ಆಗ ಬಂದೋನೂ ಹಂಗೇ ಏನೋ ಒಂದು ಹೇಳಿದ್ದ."

ಪಕ್ಕದಲ್ಲಿದ್ದ ಕರಿಬಟ್ಟೆಯ ಅಜ್ಜಿ ದಲೀಲಾಳ ಹೊದಿಕೆಯ ಅಂಚು ಹಿಡಿದು ಜಗ್ಗಿದಳು. "ಫೋಟೋ ಹರೀತೀರೇನೇ, ಮಗಳೇ? ಹರಿಯದೆ ಇದ್ರೆ ನಮ್ಮ ಹುಡುಗನ್ನ ಕಳ್ಸಲ್ಲ."

ದಲೀಲಾಳಿಗೆ ತಲೆಬುಡ ತಿಳಿಯಲಿಲ್ಲ. ಹಿಂದಿರುಗುವಾಗ ಕಾರನ್ನು ಒಂದು ತಿರುವಿನಲ್ಲಿ ನಿಲ್ಲಿಸಿ ಅಲ್ಬಾನು ಹೇಳಿದ. ಅವರ ಅಪ್ಪಂದಿರ ಕಾಲದಲ್ಲಿ ಬೆಟ್ಟದ ಗಂಡಸರು ಕದ್ದು ಗಡಿ ದಾಟಿ ಫ್ರಾನ್ಸಿಗೆ ಹೋಗುತ್ತಿದ್ದರು. ದಾಟಿಸಲು ಒಬ್ಬ ಬರುತ್ತಿದ್ದ. ಹೊರಡುವವನ ಫೋಟೋವನ್ನು ಎರಡಾಗಿ ಹರಿದು, ಅರ್ಧ ಹೆಂಡತಿಯ ಕೈಗೆ ಕೊಟ್ಟು, ಇನ್ನರ್ಧವನ್ನು ಹೊರಟವನೇ ಒಯ್ಯುತ್ತಿದ್ದ. ಕ್ಷೇಮವಾಗಿ ಮುಟ್ಟಿದ ಮೇಲೆ ಆ ತುಂಡು ಊರಿಗೆ ಬರಬೇಕು. ಎರಡು ತುಂಡಿನ ಮುಖ ಸರಿಯಾಗಿ ಕೂಡಿದರೆ ಗಂಡ ಬದುಕಿದ್ದಾನೆ ಎಂದು ಅರ್ಥ.

"ನಿಮ್ಮನ್ನ ನೋಡಿ ಅದೇ ಕಸುಬಿನೋರು ಅಂದ್ಕೊಂಡ್ರು" ಎಂದು ನಗಲು ಹೋಗಿ, ನಡುವೆಯೇ ನಿಲ್ಲಿಸಿದ. "ನಮ್ಮಪ್ಪನೂ ಹಂಗೇ ಹೋಗಿದ್ದು. ನಾನು ತೊಟ್ಟಿಲಲ್ಲಿದ್ದೆ. ಇಪ್ಪತ್ತೆರಡನೇ ದಿನಕ್ಕೆ ತುಂಡು ಬಂತು. ಊರಿಗೆಲ್ಲ ವೈನ್ ಕುಡಿಸಿದ್ರಂತೆ ಅಮ್ಮ. ನಾಲ್ಕು ಕ್ರಿಸ್‌ಮಸ್‌ಗೆ ಕಾಗದ ಬಂತು. ಆಮೇಲೆ ಅಲ್ಲೇ ಒಂದು ಸಂಸಾರ ಆಯ್ತು ಅಂತ ಸುದ್ದಿ ಬಂತು."

ಕಾರಿನ ಗಾಜಿನಾಚೆ ಒಂದು ಕುರಿಮಂದೆ ದಾರಿ ದಾಟುತ್ತಿತ್ತು. ಕೊನೆಯ ಕುರಿ ದಾಟುವವರೆಗೆ ದಲೀಲಾ ಕಾದಳು.

"ಅಲ್ಬಾನು, ನಾವೂ ಹರಿಯೋಣ."

"ಅದು ತಮಾಷೆ ವಿಷಯ ಅಲ್ಲ ಕಣೇ." ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಇಬ್ಬರೂ ಅದನ್ನು ಗಮನಿಸಿದರು, ಇಬ್ಬರೂ ಗಮನಿಸದವರಂತೆ ಇದ್ದರು.

"ತಮಾಷೆ ಮಾಡ್ತಿಲ್ಲ. ಅವ್ರಿಗೆ ಭೂಪಟ ಗೊತ್ತಿಲ್ಲ, ಅದು ಗೊತ್ತು. ಮಗಳು ಮುಟ್ಟಿದ ವಾರಕ್ಕೆ ತುಂಡು ಬರುತ್ತೆ ಅಂದ್ರೆ ಅಮ್ಮ ರಾತ್ರಿ ನಿದ್ದೆ ಮಾಡ್ತಾಳೆ. ಅಷ್ಟೇ ತಾನೇ ಬೇಕಾಗಿರೋದು?"

ಮುಂದಿನ ಭಾನುವಾರ ಭೂಪಟವನ್ನು ಕಾರಿನಲ್ಲೇ ಬಿಟ್ಟರು. ರೊಟ್ಟಿ ಸುಡುವವಳೊಬ್ಬಳ ಅಡುಗೆಮನೆಯಲ್ಲಿ ಸಾರು ಕುಡಿದು, ಹಂದಿ ಕಡಿದ ಸಂಗತಿ ಕೇಳಿ, ಮೊಣಕಾಲು ನೋವಿನ ಕಥೆ ಕೇಳಿ, ಕೊನೆಗೆ ಮಗಳ ಮಾತು ತೆಗೆದರು. ಆ ತಾಯಿ ಮಗಳ ಒಂದೇ ಕಿವಿ ಕಾಣುವ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದಳು. ಒಲೆಯಲ್ಲಿ ಒಂದು ಕೊಳ್ಳಿ ಉರಿದು ಮುಗಿಯಿತು. ಆಮೇಲೆ ಅವಳೇ, ಯಾರ ಕೈಗೂ ಕೊಡದೆ, ಮೂಗಿನ ನೇರಕ್ಕೆ ಹರಿದು, ಒಂದು ತುಂಡನ್ನು ಮಗಳ ಕೈಗಿಟ್ಟಳು. "ತಗೋ. ಕಿವಿ ಇರೋ ಕಡೆ ನೀನು ಇಟ್ಕೋ. ನಾನು ಕರೆದ್ರೆ ಕೇಳಿಸ್ಬೇಕು."

ಈಸ್ಟರ್ ಕಳೆಯುವಷ್ಟರಲ್ಲಿ ಬೆಟ್ಟದಿಂದ ಒಂಬತ್ತು ಅರ್ಜಿ ಬಂದವು. ಹತ್ತನೆಯದನ್ನು ದಲೀಲಾಳೇ ತುಂಬಿ ಅಲ್ಬಾನುವಿನ ಮುಂದಿಟ್ಟಳು. ಸಾರ್ಡಿನಿಯಾ ದ್ವೀಪ, ಸಾಸ್ಸಾರಿಯ ವಿಶ್ವವಿದ್ಯಾಲಯ, ಕುರಿಸಾಕಣೆ ಮತ್ತು ಹಾಲಿನ ಉತ್ಪನ್ನ. ಅವಧಿ ಹತ್ತು ತಿಂಗಳು.

"ಕುರಿ ನೋಡೋಕೆ ಅಷ್ಟು ದೂರಾನಾ? ನಮ್ಮ ಕುರಿ ಮುನಿಸ್ಕೊಂಡಾವು."

"ಊರೋರಿಗೆಲ್ಲ ಹೇಳಿ ನೀನು ಹೆದರ್ತೀಯ?"

"ಮೊದಲು ನಮ್ಮಮ್ಮನ್ನ ನೋಡು ಬಾ. ಆಮೇಲೆ ಯಾರು ಹೆದರ್ತಾರೆ ಅಂತ ಹೇಳು."

ಅವನ ಅಮ್ಮ ಜುಲ್ಮೀರಾ ಅಡ್ಡ ಬಾಗಿಲಿನ ತಗ್ಗು ಕೋಣೆಯಲ್ಲಿ ಆ ಋತುವಿನ ಕೊನೆಯ ಚೀಸು ಒತ್ತುತ್ತಿದ್ದಳು. ನೇರಳೆ ಬಣ್ಣದ ಮುಳ್ಳುಹೂವಿನ ಎಸಳು ನೆನೆಸಿದ ನೀರಿನಿಂದ ಗಟ್ಟಿಯಾದ ಹಾಲು ಅವಳ ಬೆರಳುಗಳ ನಡುವೆ ನಿಧಾನವಾಗಿ ನೀರು ಬಿಡುತ್ತಿತ್ತು. ಅವಳು ಬಂದವಳ ಮುಖ ನೋಡಲಿಲ್ಲ, ಹೊದಿಕೆಯನ್ನು ಮೂಸಿದಳು.

"ಇದು ನನ್ನ ಚೀಸು."

"ಹೌದು ಅತ್ತೆ. ತಪ್ಪಾಯ್ತು."

"ಕೈ ಕೊಡು." ಒದ್ದೆ ಕೈಯಲ್ಲಿ ಅವಳ ಅಂಗೈ ಹಿಡಿದು ನೋಡಿದಳು. "ಬಿಸಿ ಕೈ. ಚೀಸಿಗೆ ತಣ್ಣನೆ ಕೈ ಬೇಕು. ನಿನ್ನದು ಆಗಲ್ಲ."

"ಬೇರೆ ಯಾವುದಕ್ಕಾದ್ರೂ ಆಗುತ್ತಾ?"

"ಅದನ್ನ ಅಲ್ಲಿ ಬಾಗಿಲ ಹತ್ರ ನಿಂತು ಕಿವಿ ಕೆಂಪು ಮಾಡ್ಕೊಂಡವ್ನಲ್ಲ, ಅವನ್ನ ಕೇಳು."

ಅರ್ಜಿಯ ಮಾತು ಬಂದಾಗ ಮಾತ್ರ ಅವಳು ಬೇಡವೆನ್ನಲಿಲ್ಲ, ಹೂಂ ಎನ್ನಲಿಲ್ಲ. ಚೀಸಿಗೆ ಬಟ್ಟೆಯ ಪಟ್ಟಿ ಸುತ್ತಿ, ಹಲಗೆಯ ಮೇಲಿಟ್ಟು, ಕೈ ಒರೆಸಿಕೊಂಡು ಕುರಿಗಳ ಕಡೆ ಹೋದಳು.

ಜೂನ್‌ನಲ್ಲಿ ಪಟ್ಟಿ ಬಂತು. ಬೆಟ್ಟದ ಹತ್ತು ಜನರಿಗೂ ಸಿಕ್ಕಿತ್ತು. ಕಚೇರಿಯ ಗೋಡೆಯ ಮುಂದೆ ಹುಡುಗಿಯರು ಕುಣಿದರು, ದಲೀಲಾಳನ್ನು ಎತ್ತಿ ತಿರುಗಿಸಿದರು. ಆರನೆಯದಾಗಿದ್ದ ಅಲ್ಬಾನುವಿನ ಹೆಸರನ್ನು ಅವಳು ಮತ್ತೆ ಓದಿದಳು. ಇಷ್ಟು ದಿನ ಅವಳು ಮೂವತ್ತು ತಾಯಂದಿರಿಗೆ "ಬರ್ತಾರೆ, ಹೆದರ್ಬೇಡಿ" ಎಂದಿದ್ದಳು. ಈಗ ಯಾರಾದರೂ ತನಗೆ ಹಾಗೆ ಹೇಳಲಿ ಅನ್ನಿಸಿತು. ಹೇಳಿದರೂ ನಂಬುವುದಿಲ್ಲ ಎಂದೂ ಅನ್ನಿಸಿತು.

ಆ ಸಂಜೆ ನದಿಯ ದಂಡೆಯಲ್ಲಿ ನಡೆಯುವಾಗ ಅಲ್ಬಾನು ಒಂದು ಕಡ್ಡಿ ಮುರಿಯುತ್ತ, ಅದರ ಚೂರುಗಳನ್ನು ನೀರಿಗೆ ಹಾಕುತ್ತ ಹೇಳಿದ: "ಹೋಗ್ಬೇಡ ಅಂತ ನೀನಂದ್ರೆ ಹೋಗಲ್ಲ."

ನಾಲಿಗೆಯ ತುದಿಗೆ ಬಂದಿತ್ತು ಆ ಮಾತು. ಅವನ ಕಣ್ಣು ಅದನ್ನೇ ಕಾಯುತ್ತಿತ್ತು. ಆದರೆ ರೊಟ್ಟಿಯವಳ ಒಲೆ ನೆನಪಾಯಿತು, ಹರಿದ ಮೂಗಿನ ನೇರ ನೆನಪಾಯಿತು.

"ಹೋಗು" ಎಂದಳು. "ಹೋಗು ಅನ್ನೋದೇ ತಾನೇ ನನ್ನ ಕಸುಬು."

ಅವನು ತಲೆಯಾಡಿಸಿ, ಉಳಿದ ಕಡ್ಡಿಯನ್ನು ಒಟ್ಟಿಗೇ ನೀರಿಗೆಸೆದ. ದಾರಿಯುದ್ದಕ್ಕೂ ಅವರ ಕೈಗಳು ಪಕ್ಕಪಕ್ಕದಲ್ಲೇ ಆಡಿದವು, ಸೇರಲಿಲ್ಲ.

ಸೆಪ್ಟೆಂಬರಿನಲ್ಲಿ ಅವನನ್ನು ರೈಲು ಹತ್ತಿಸಲು ಜುಲ್ಮೀರಾ ಬೆಟ್ಟದಿಂದ ಇಳಿದು ಬಂದಿದ್ದಳು, ಬುಟ್ಟಿಯಲ್ಲಿ ಜೋಳದ ರೊಟ್ಟಿ, ಒಣಗಿಸಿದ ಮಾಂಸ. ರೈಲು ಫ್ರಾನ್ಸಿನ ಮೇಲೇ ಹೋಗುವುದೆಂದು ಗೊತ್ತಿದ್ದೂ ಅವಳು ಆ ಮಾತೆತ್ತಲಿಲ್ಲ. ಅಲ್ಬಾನು ಜೇಬಿನಿಂದ ಫೋಟೋ ತೆಗೆದ. ಅವನದೊಬ್ಬನದೇ ಅಲ್ಲ, ಅಂಗಳದ ಆ ಫೋಟೋ. ಇಬ್ಬರ ನಡುವೆ ಹರಿಯುತ್ತಾನೆಂದು ದಲೀಲಾ ಅಂದುಕೊಂಡಳು. ಅವನು ಓರೆಯಾಗಿ ಹರಿದ. ಒಂದು ತುಂಡಿಗೆ ಅವಳ ಮುಖದ ಜೊತೆ ಅವನ ಚಮಚ ಬಂತು, ಇನ್ನೊಂದಕ್ಕೆ ಅವನ ಮುಖದ ಜೊತೆ ಅವಳ ಹೊದಿಕೆಯ ಗೆರೆ. ಚೀಸು ಎರಡು ಹೋಳಾಯಿತು.

ತನ್ನ ಮುಖವಿದ್ದ ತುಂಡನ್ನು ತಾಯಿಗೆ ಚಾಚಿದ. ಜುಲ್ಮೀರಾ ಕೈಯನ್ನು ಸೆರಗಿನಂಥ ಶಾಲಿನೊಳಗೆ ಎಳೆದುಕೊಂಡಳು.

"ನಂಗೆ ಬೇಡ. ಒಂದ್ಸಲ ಇಟ್ಕೊಂಡೆ, ಸಾಕು. ಅವಳಿಗೆ ಕೊಡು."

ದಲೀಲಾ ತೆಗೆದುಕೊಂಡಳು.

"ಇನ್ನೊಂದು ಕೇಳು. ಮುಟ್ಟಿದೆ ಅಂತ ಆ ತುಂಡನ್ನ ಕಳಿಸ್ಬೇಡ. ನಿಮ್ಮಪ್ಪ ಕಳಿಸ್ದ. ಎರಡೂ ನನ್ನ ಪೆಟ್ಟಿಗೇಲಿ ಸೇರ್ಕೊಂಡ್ವು. ಅವನ ಹತ್ರ ಏನುಳೀತು, ವಾಪಸ್ ತರೋಕೆ? ನೀನು ನಿನ್ನ ಕೈಯಲ್ಲೇ ತಗೊಂಡ್ ಬಾ."

ರೈಲು ಹೊರಟಿತು. ಇಬ್ಬರು ಹೆಂಗಸರೂ ಕೈಬೀಸಲಿಲ್ಲ. ಒಬ್ಬಳ ಕೈಯಲ್ಲಿ ಬುಟ್ಟಿಯಿತ್ತು, ಇನ್ನೊಬ್ಬಳ ಕೈಯಲ್ಲಿ ತುಂಡು.

ಆಮೇಲಿನ ವಾರಗಳಲ್ಲಿ ಉಳಿದ ಒಂಬತ್ತು ಜನರ ಅರ್ಧಗಳು ಒಂದೊಂದಾಗಿ ಬೆಟ್ಟಕ್ಕೆ ಬಂದವು. ದಲೀಲಾ ಭಾನುವಾರಗಳಲ್ಲಿ ಹೋಗಿ, ತಾಯಂದಿರು ಅಂಟಿಸಿ ಗೋಡೆಗೆ ಹಾಕಿದ ಮುಖಗಳನ್ನು ನೋಡಿ ಬರುತ್ತಿದ್ದಳು. ಅವಳದ್ದೊಂದೇ ಅರ್ಧವಾಗಿ ಉಳಿದಿತ್ತು. ಅಲ್ಬಾನುವಿನ ಕಾಗದಗಳಲ್ಲಿ ಕುರಿ, ಮಳೆ, ಅಲ್ಲಿನವರ ಗಟ್ಟಿ ಚೀಸಿಗೆ ಬೈಗುಳ. ಕೊನೆಯಲ್ಲಿ ತಪ್ಪದೆ ಒಂದು ಸಾಲು: "ತುಂಡು ಜೋಪಾನವಾಗಿದೆ." ಅದನ್ನು ಓದಲು ಅವಳು ಮೇಲಿನದೆಲ್ಲವನ್ನೂ ಹಾರಿಸುತ್ತಿದ್ದಳು, ಆಮೇಲೆ ಹಿಂದಿರುಗಿ ಕುರಿಗಳನ್ನು ಓದುತ್ತಿದ್ದಳು.

ಮೇ ತಿಂಗಳ ಕಾಗದದಲ್ಲಿ ಆ ಸಾಲು ಇತ್ತು, ಅದರ ಮೇಲೆ ಇನ್ನೊಂದು ಸಾಲೂ ಇತ್ತು. ಅಲ್ಲಿನ ಪ್ರೊಫೆಸರ್ ಇನ್ನೂ ಎರಡು ವರ್ಷ ಉಳಿಯಲು ಕೇಳಿದ್ದಾರೆ. ಚೀಸಿನ ಪ್ರಯೋಗಾಲಯದಲ್ಲಿ ಜಾಗ ಇದೆ. "ಏನು ಮಾಡಲಿ, ಹೇಳು."

ಹತ್ತು ದಿನ ಅವಳು ಉತ್ತರ ಬರೆಯಲಿಲ್ಲ. ಹದಿನೈದಾಯಿತು. ಇಪ್ಪತ್ತನೆಯ ದಿನ ಕಾಸಲ್ ದು ಕಾರ್ದುವಿಗೆ ಹೋದಳು. ಜುಲ್ಮೀರಾ ಮನೆಯ ಹಿಂದಿನ ಇಳಿಜಾರಿನಲ್ಲಿ ಮುಳ್ಳುಹೂ ಬಿಡಿಸುತ್ತಿದ್ದಳು. ನೇರಳೆ ಹೂವುಗಳು ಅವಳ ಎದೆಯೆತ್ತರಕ್ಕೆ ನಿಂತಿದ್ದವು. ದಲೀಲಾಳೂ ಒಂದು ಬುಟ್ಟಿ ತೆಗೆದುಕೊಂಡಳು. ಬೆರಳಿಗೆ ಮುಳ್ಳು ಚುಚ್ಚಿದಾಗಲೆಲ್ಲ ಜುಲ್ಮೀರಾ "ಕೆಳಗಿನಿಂದ ಹಿಡಿ, ಹುಡುಗಿ" ಎನ್ನುತ್ತಿದ್ದಳು. ಸಾಲು ಮುಗಿದ ಮೇಲೆ ದಲೀಲಾ ಕಾಗದದ ಸಂಗತಿ ಹೇಳಿದಳು.

"ನೀನೇನು ಬರೆದೆ?"

"ಇನ್ನೂ ಬರೆದಿಲ್ಲ. ಬಾ ಅಂತ ಹೇಗೆ ಬರೀಲಿ, ಅತ್ತೆ? ಹೋಗು ಅಂದವಳು ನಾನೇ. ಅಲ್ಲಿ ಅವನಿಗೆ ಒಳ್ಳೇದಾಗ್ತಿದೆ. ಅವನೇ ಅಂದ್ಕೊಂಡು ಬರ್ಬೇಕು."

ಜುಲ್ಮೀರಾ ಸೊಂಟ ನೆಟ್ಟಗೆ ಮಾಡಿದಳು.

"ನಾನೂ ಹಂಗೇ ಅಂದ್ಕೊಂಡಿದ್ದೆ. ಅವನೇ ಬರ್ಲಿ, ನಾನ್ಯಾಕೆ ಅಂಗಲಾಚ್ಲಿ ಅಂತ. ಕೋಳಿ ಮೊಟ್ಟೆ ಇಟ್ಟಿದ್ದು, ನಮ್ಮತ್ತೆಗೆ ಕೆಮ್ಮು ಬಂದಿದ್ದು, ಎಲ್ಲ ಬರೆಸಿದೆ. ಬಾ ಅಂತ ಒಂದು ಮಾತು ಬರೆಸ್ಲಿಲ್ಲ. ಜಂಬ ಕಣಮ್ಮ. ಬರೆಸಿದ್ರೆ ಬರ್ತಿದ್ನೋ ಇಲ್ವೋ. ಇಪ್ಪತ್ತು ವರ್ಷ ಆಯ್ತು, ಇವತ್ತಿಗೂ ನಂಗೆ ಗೊತ್ತಿಲ್ಲ." ಒಂದು ಹೂ ಕಿತ್ತು ಬುಟ್ಟಿಗೆ ಹಾಕಿದಳು. "ಬರ್ಲಿಲ್ಲ ಅನ್ನೋದನ್ನ ಹೆಂಗೋ ನುಂಗ್ಬೋದು. ಕೇಳ್ಲಿಲ್ಲ ಅನ್ನೋದು ಗಂಟಲಲ್ಲೇ ಕೂರುತ್ತೆ."

ದಲೀಲಾ ಅಲ್ಲೇ, ಆ ತಗ್ಗು ಕೋಣೆಯ ಹಲಗೆಯ ಮೇಲೆ ಕೂತು ಬರೆದಳು. "ಹೋಗು ಅಂದವಳೇ ಬಾ ಅಂತಿದ್ದೀನಿ. ನದಿ ಹತ್ತಿರ ಆವತ್ತು ಬಾಯಿಗೆ ಬಂದಿದ್ದು ಬೇರೆ ಮಾತು. ನೀನು ಅಲ್ಲೇ ಉಳಿದ್ರೆ ಅದು ತಪ್ಪಲ್ಲ, ನಾನು ಯಾರನ್ನೂ ದೂರಲ್ಲ. ಆದ್ರೆ ನಾನು ಕೇಳ್ಲಿಲ್ಲ ಅಂತ ಆಗ್ಬಾರ್ದು. ನೀನು ಬೇಕು ನಂಗೆ. ಬಾ." ಹೂವಿನ ನೇರಳೆ ಬಣ್ಣ ಬೆರಳಿನಿಂದ ಕಾಗದಕ್ಕೆ ಹತ್ತಿತು. ಹಾಗೆಯೇ ಅಂಚೆಗೆ ಹಾಕಿದಳು.

ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಒಂದು ಮಾತು ಸಮುದ್ರ ದಾಟಿ ಹೋಗಲು ಆಗ ಎಂಟು ದಿನ ಬೇಕಿತ್ತು. ಆ ಎಂಟು ದಿನವನ್ನೂ ಅದರ ಮೇಲಿನ ಒಂಬತ್ತು ದಿನವನ್ನೂ ದಲೀಲಾ ಬೆರಳಲ್ಲಿ ಎಣಿಸಿದಳು.

ಹದಿನೆಂಟನೆಯ ದಿನ ಭಾನುವಾರ. ಇಳಿಜಾರಿನಲ್ಲಿ ಕೊನೆಯ ಸಾಲಿನ ಹೂ ಉಳಿದಿತ್ತು, ಅವಳು ಬಿಡಿಸಲು ಹೋಗಿದ್ದಳು. ಹಿಂದಿನಿಂದ ಒಂದು ದನಿ.

"ಅಯ್ಯೋ, ಅದನ್ನ ಹಂಗಾ ಕೀಳೋದು! ಕೆಳಗಿನಿಂದ ಹಿಡೀಬೇಕು."

ಅವಳು ತಕ್ಷಣ ತಿರುಗಲಿಲ್ಲ. ಕೈಯಲ್ಲಿದ್ದ ಹೂವನ್ನು, ಕೆಳಗಿನಿಂದ ಹಿಡಿದು, ಸರಿಯಾಗಿ ಕಿತ್ತಳು. ಬುಟ್ಟಿಗೆ ಹಾಕಿದಳು. ಆಮೇಲೆ ತಿರುಗಿದಳು. ಅಲ್ಬಾನು ಬಿಸಿಲಿಗೆ ಕಪ್ಪಾಗಿದ್ದ, ಹೆಗಲ ಚೀಲವನ್ನು ಇನ್ನೂ ಇಳಿಸಿರಲಿಲ್ಲ. ಹುಬ್ಬು ಗಂಟಿಕ್ಕಿತ್ತು, ತುಟಿಯ ಒಂದು ತುದಿ ಆ ಗಂಟಿಗೆ ಒಪ್ಪದೆ ಮೇಲಕ್ಕೇರುತ್ತಿತ್ತು.

"ಒಂದು ಮಾತು ಹೇಳೋಕೆ ಒಂದು ವರ್ಷ ಬೇಕಾಯ್ತಾ ನಿಂಗೆ?"

"ಕೇಳೋಕೆ ನಿಂಗೆ ಅಷ್ಟು ದೂರ ಹೋಗ್ಬೇಕಾಯ್ತಾ?"

ಅವನು ಮುಳ್ಳು ಚುಚ್ಚಿದ ಅವಳ ಬೆರಳುಗಳನ್ನು ಹಿಡಿದ. "ಬಿಸಿ ಕೈ" ಎಂದ.

"ಚೀಸಿಗೆ ಆಗಲ್ವಂತೆ."

"ಗೊತ್ತು. ಹಾಗಂತ ಕೇಳೇ ಬಂದಿದ್ದು."

ಅಡುಗೆಮನೆಯ ಮೇಜಿನ ಮೇಲೆ ಎರಡು ತುಂಡುಗಳನ್ನೂ ಇಟ್ಟರು. ಅವನದು ಸಮುದ್ರದ ಗಾಳಿಗೆ ತುಸು ಸುರುಟಿತ್ತು, ಅವಳದು ಪುಸ್ತಕದೊಳಗೆ ಚಪ್ಪಟೆಯಾಗಿತ್ತು. ಜುಲ್ಮೀರಾ ತನ್ನ ತಣ್ಣನೆ ಬೆರಳಿನಿಂದ ಎರಡನ್ನೂ ತಳ್ಳಿ ಕೂಡಿಸಿದಳು. ಚಮಚ ಕೈಗೆ ಸೇರಿತು, ಗೆರೆ ಹೊದಿಕೆಗೆ ಸೇರಿತು, ಚೀಸು ಮತ್ತೆ ದುಂಡಗಾಯಿತು. ಬಹಳ ಹೊತ್ತು ನೋಡಿದಳು.

ಅಲ್ಬಾನು ಗೋಂದಿನ ಶೀಶೆ ಹುಡುಕಲು ಎದ್ದ.

"ಕೂತ್ಕೋ" ಎಂದಳು ಜುಲ್ಮೀರಾ. "ಅಂಟಿಸ್ಬೇಡ. ಮತ್ತೆ ಬೇಕಾಗುತ್ತೆ. ಮುಂದಿನ ಸಲ ಅವಳು ಹೋಗ್ಲಿ, ನೀನು ಇಲ್ಲಿರು. ಕಾಯೋದು ಅಂದ್ರೇನು ಅಂತ ಗಂಡಸ್ರಿಗೂ ಒಂದ್ಸಲ ಗೊತ್ತಾಗ್ಲಿ."

ಆ ಫೋಟೋವನ್ನು ಇಂದಿಗೂ ಯಾರೂ ಅಂಟಿಸಿಲ್ಲ. ಒಗೆಯದ ಕರಿಯ ಹೊದಿಕೆಯ ಜೊತೆ ಪೆಟ್ಟಿಗೆಯಲ್ಲಿ ಎರಡು ತುಂಡಾಗಿಯೇ ಇದೆ. ಮುಚ್ಚಳ ತೆಗೆದರೆ ಕುರಿಹಾಲಿನ ವಾಸನೆ ಬರುತ್ತದೆ. ಅವಳು ಮೂರು ಸಲ ಹೋಗಿ ಬಂದಳು, ಅವನು ಎರಡು ಸಲ. ಹೊರಡುವ ಹಿಂದಿನ ದಿನ ಪೆಟ್ಟಿಗೆಯಿಂದ ಒಂದು ತುಂಡು ಆಚೆ ಬರುತ್ತದೆ. ಯಾವ ಸಲವೂ ಅದು ಅಂಚೆಯಲ್ಲಿ ಬಂದಿಲ್ಲ.